ಬಿಚ್ಚಿ ಒಯ್ಯಬಹುದಾದ ಆರ್ಕೇಡ್ ಕ್ಯಾಬಿನೆಟ್: ಮನೆಯಲ್ಲೇ ಮಾಡುವ ದಾರಿ

ಧಾರವಾಡದ ಮಾಳಮಡ್ಡಿಯಲ್ಲಿ ನಾವು ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಮೊದಲ ಆರ್ಕೇಡ್ ಕ್ಯಾಬಿನೆಟ್, ಅಂದರೆ ನಿಂತು ವಿಡಿಯೊ ಗೇಮ್ ಆಡುವ ಪರದೆ, ಬಟನ್ನು ಇರುವ ಪೆಟ್ಟಿಗೆ, ಮಾಡಿದ್ದು ಅಲ್ಲೇ. ಕೋಣೆಯೊಳಗೇ ಪ್ಲೈವುಡ್ ಕೊಯ್ದು, ಅಲ್ಲೇ ಫೆವಿಕಾಲ್ ಹಚ್ಚಿ, ಸ್ಕ್ರೂ ಬಿಗಿದು ನಿಲ್ಲಿಸಿದೆ. ಅಗಲ 24 ಇಂಚು, ಆಳ 26, ಎತ್ತರ 64. ಎರಡು ವರ್ಷ ಮನೆಮಂದಿಯೆಲ್ಲ ಖುಷಿಯಿಂದ ಆಡಿದೆವು. ಹುಬ್ಬಳ್ಳಿಯ ಕೇಶ್ವಾಪುರಕ್ಕೆ ಮನೆ ಬದಲಿಸುವ ದಿನ ಅದು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ನೆಟ್ಟಗೆ ಹಿಡಿದರೂ ಆಗಲಿಲ್ಲ, ಮಲಗಿಸಿದರೂ ಆಗಲಿಲ್ಲ. ಕೆಳಗೆ ಗಾಡಿ ಕಾಯುತ್ತಿತ್ತು, ಮಳೆ ಹನಿಯುತ್ತಿತ್ತು. ಕೊನೆಗೆ ಪಕ್ಕದ ಓಣಿಯ ಬಡಿಗ ಕಾಕಾ ಬಂದು, ಸೊಂಟದ ಎತ್ತರಕ್ಕೆ ಗರಗಸ ಇಟ್ಟು ಅದನ್ನು ಅಡ್ಡಕ್ಕೆ ಕೊಯ್ದರು. ಕೊಯ್ಯುತ್ತಾ ಅವರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಮೊದ್ಲ ಬಿಚ್ಚೂದು ಹೆಂಗ ಅಂತ ವಿಚಾರ ಮಾಡಬೇಕು ತಮ್ಮಾ, ಜೋಡ್ಸೂದು ಆಮ್ಯಾಲ."

ಈಗ ಮನೆಯಲ್ಲಿರುವುದು ಎರಡನೆಯದು. ಅದು ಮೂರು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಎಂಟು ಬೋಲ್ಟ್, ಒಂದು ಸ್ಪ್ಯಾನರ್, ಇಬ್ಬರು ಜನ, ಅರ್ಧ ಗಂಟೆ. ಕಾಕಾ ಕೊಯ್ದ ಗೆರೆ ಎಲ್ಲಿ ಬಿದ್ದಿತ್ತೋ, ಹೆಚ್ಚುಕಡಿಮೆ ಅಲ್ಲೇ ಇದರ ಕೀಲು ಇದೆ. ಬಾಡಿಗೆ ಮನೆಯಲ್ಲಿರುವವರು, ವರ್ಗಾವಣೆಯ ನೌಕರಿಯವರು, ಹಾಸ್ಟೆಲ್ ಬಿಟ್ಟು ರೂಮು ಮಾಡಿರುವವರು ಇದನ್ನು ಹಾಗೇ ಅನುಸರಿಸಬಹುದು.

ಅಳತೆ ಬಾಗಿಲಿನಿಂದ ಶುರು

ಪೆನ್ಸಿಲ್ ಹಿಡಿಯುವ ಮೊದಲು ಟೇಪು ಹಿಡಿದು ಮನೆ ಸುತ್ತಿ. ಬಾಗಿಲಿನ ಚೌಕಟ್ಟಿನ ಒಳ ಅಗಲ, ಬಾಗಿಲು ಪೂರ್ತಿ ತೆರೆದಾಗ ನಿಜವಾಗಿ ಉಳಿಯುವ ಜಾಗ, ಮೆಟ್ಟಿಲಿನ ಅಗಲ, ತಿರುವಿನಲ್ಲಿ ಗೋಡೆಯಿಂದ ಕಟಾಂಜನಕ್ಕೆ ಇರುವ ದೂರ, ಇಷ್ಟನ್ನೂ ಬರೆದುಕೊಳ್ಳಿ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಒಳಕೋಣೆಯ ಬಾಗಿಲು ಎರಡೂವರೆ ಅಡಿಗಿಂತ ಜಾಸ್ತಿ ಇದ್ದರೆ ಪುಣ್ಯ. ಹೊಸ ಅಪಾರ್ಟ್‌ಮೆಂಟಿನ ಲಿಫ್ಟನ್ನೂ ಅಳೆಯಿರಿ.

ಟೇಪಿನ ಲೆಕ್ಕ ತಿರುವಿನಲ್ಲಿ ಮೋಸ ಮಾಡುತ್ತದೆ. ಅದಕ್ಕೆ ಸುಲಭ ಉಪಾಯ ಇದೆ. ಫ್ರಿಜ್ಜೋ ವಾಷಿಂಗ್ ಮಷೀನೋ ಬಂದಿದ್ದ ರಟ್ಟಿನ ಪೆಟ್ಟಿಗೆ ಸಿಕ್ಕರೆ, ನೀವು ಮಾಡಬೇಕೆಂದಿರುವ ತುಂಡಿನ ಅಳತೆಗೆ ಕತ್ತರಿಸಿ ಟೇಪು ಅಂಟಿಸಿ. ಅದನ್ನು ಎತ್ತಿಕೊಂಡು ಮೆಟ್ಟಿಲು ಇಳಿದು ನೋಡಿ. ರಟ್ಟು ಮಡಚದೆ ಇಳಿದರೆ ಪ್ಲೈವುಡ್ಡೂ ಇಳಿಯುತ್ತದೆ. ಎರಡು ಕಡೆಯೂ ಕೈಬೆರಳು ಹಿಡಿಸುವಷ್ಟು, ಅಂದರೆ ಒಂದೂವರೆ ಇಂಚಾದರೂ, ಜಾಗ ಉಳಿಯಬೇಕು.

ಎಲ್ಲಿ ತುಂಡು ಮಾಡಬೇಕು

ಬಿಚ್ಚುವ ಕ್ಯಾಬಿನೆಟ್ ಎರಡು ರೀತಿ ಮಾಡಬಹುದು. ಒಂದು, ಪ್ರತಿ ಹಲಗೆಯೂ ಬೇರೆಯಾಗುವ ಹಾಗೆ. ಒಯ್ಯಲು ಇದು ತೆಳ್ಳಗೆ, ಚೊಕ್ಕ. ಆದರೆ ಬೋಲ್ಟುಗಳು ಮೂವತ್ತು ನಲವತ್ತು ಆಗುತ್ತವೆ, ಪ್ರತಿ ಸಲ ಮಾನಿಟರ್ ಮತ್ತೆ ಕೂರಿಸಬೇಕು, ವೈರೆಲ್ಲ ಹೊಸದಾಗಿ ಎಳೆಯಬೇಕು. ಇನ್ನೊಂದು, ಮೂರು ಗಟ್ಟಿ ಪೆಟ್ಟಿಗೆ ಮಾಡಿ ಒಂದರ ಮೇಲೊಂದು ಕೂರಿಸುವುದು. ನಾನು ಎರಡನೆಯದನ್ನೇ ಹೇಳುತ್ತೇನೆ. ಮಾನಿಟರ್ ತನ್ನ ಪೆಟ್ಟಿಗೆಯಲ್ಲಿ, ಬಟನ್ನುಗಳು ತಮ್ಮ ಪೆಟ್ಟಿಗೆಯಲ್ಲಿ ಹಾಗೇ ಇರುತ್ತವೆ. ಮನೆ ಬದಲಿಸುವ ದಿನ ತಲೆಗೆ ಬೇರೆ ನೂರು ಕೆಲಸ ಇರುತ್ತದೆ, ಅಲ್ವಾ?

ನನ್ನ ಅಳತೆ ಹೀಗಿದೆ. ಕೆಳಗಿನ ಪೆಟ್ಟಿಗೆ 24 ಇಂಚು ಅಗಲ, 22 ಆಳ, 32 ಎತ್ತರ. ಅದರ ಮೇಲೆ ಹಿಂಭಾಗದಲ್ಲಿ ಮಾನಿಟರ್ ಪೆಟ್ಟಿಗೆ: 24 ಅಗಲ, 14 ಆಳ, 32 ಎತ್ತರ. ಮುಂಭಾಗದಲ್ಲಿ ಕಂಟ್ರೋಲ್ ಪೆಟ್ಟಿಗೆ: 24 ಅಗಲ, 12 ಆಳ, 5 ಎತ್ತರ. ಇದು ಕೆಳಗಿನ ಪೆಟ್ಟಿಗೆಯ ಮೇಲೆ 8 ಇಂಚು ಕೂತು, 4 ಇಂಚು ಮುಂದಕ್ಕೆ ಚಾಚಿಕೊಂಡಿರುತ್ತದೆ. ನಿಂತು ಆಡುವವರ ಕೈಗೆ ಬಟನ್ನು ಸುಮಾರು 37 ಇಂಚಿಗೆ ಬರುತ್ತದೆ. ಮಕ್ಕಳಿಗೆ ಒಂದು ಮಣೆ ಕೊಟ್ಟರೆ ಸಾಕು. ಅಗಲ 24 ಇದ್ದರೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ಆಡಬಹುದು. ಇನ್ನೂ ಅಗಲ ಬೇಕು ಅನ್ನಿಸಿದರೆ ಕಂಟ್ರೋಲ್ ಪೆಟ್ಟಿಗೆಯೊಂದನ್ನೇ 28ಕ್ಕೆ ಹಿಗ್ಗಿಸಿ. ಅದು ಹೇಗೂ ಬೇರೆಯಾಗುತ್ತದಲ್ಲ, ಬಾಗಿಲಿಗೆ ತೊಂದರೆ ಇಲ್ಲ.

ಹಲಗೆ

8 ಅಡಿ 4 ಅಡಿಯ 18 ಮಿ.ಮೀ. ಪ್ಲೈವುಡ್ ಎರಡು ಶೀಟಿನಲ್ಲಿ ಮೂರೂ ಪೆಟ್ಟಿಗೆ ಮುಗಿಯುತ್ತವೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ನುಣುಪಾಗಿರುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಬಿಚ್ಚಿ ಒಯ್ಯುವ ವಸ್ತುವಿಗೆ ಅದು ಬೇಡ. 18 ಮಿ.ಮೀ. ಎಂಡಿಎಫ್‌ನ ಒಂದು ಶೀಟು ಸುಮಾರು 40 ಕೆಜಿ ತೂಗುತ್ತದೆ, ಪ್ಲೈವುಡ್ಡು 30ರ ಆಸುಪಾಸು. ಅದಕ್ಕಿಂತ ಮುಖ್ಯ, ಎಂಡಿಎಫ್ ಅಂಚಿಗೆ ನೀರು ತಾಗಿದರೆ ಬ್ರೆಡ್ಡಿನ ಹಾಗೆ ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತೆರೆದ ಗಾಡಿಯಲ್ಲಿ ಹೋಗುವ ಸಾಮಾನಿದು. ಅಂಗಡಿಯಲ್ಲಿ ಕೇಳುವಾಗ ಬಿಡಬ್ಲ್ಯುಆರ್ ದರ್ಜೆಯದ್ದನ್ನೇ ಕೇಳಿ. ಅದರ ಪದರಗಳ ಅಂಟು ನೀರನ್ನು ತಾಳುತ್ತದೆ. ಶೀಟನ್ನು ನೆಲದ ಮೇಲೆ ಮಲಗಿಸಿ, ಮೂಲೆ ಮೇಲೆ ಎದ್ದು ಆಡುತ್ತದೆಯೇ ನೋಡಿ. ಸೊಟ್ಟ ಶೀಟಿನಲ್ಲಿ ಮಾಡಿದ ಪೆಟ್ಟಿಗೆಗಳು ಒಂದರ ಮೇಲೊಂದು ಸರಿಯಾಗಿ ಕೂರುವುದೇ ಇಲ್ಲ.

ಕೊಯ್ಯುವುದನ್ನು ಮಿಲ್ಲಿನ ಟೇಬಲ್ ಗರಗಸದಲ್ಲಿ ಮಾಡಿಸಿ. ಕೈಯಿಂದ ಕೊಯ್ದರೆ ಎಷ್ಟೇ ಹುಷಾರಾಗಿದ್ದರೂ ಒಂದು ಸೂತು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಆಚೀಚೆ ಆಗುತ್ತದೆ. ಅಳತೆ ಚೀಟಿ ಬರೆದುಕೊಂಡು ಹೋಗಿ. ಒಂದೇ ಅಗಲದ ಹಲಗೆಗಳನ್ನೆಲ್ಲ ಒಂದೇ ಸೆಟ್ಟಿಂಗಿನಲ್ಲಿ ಕೊಯ್ಯಿಸಿ. ಎರಡು ಪಕ್ಕದ ಹಲಗೆ ಹೋದರೆ ಒಳಗಿನ ಅಡ್ಡ ಹಲಗೆಗಳೆಲ್ಲ 24ರ ಬದಲು 22 ಇಂಚು ಮೇಲೆ ಅರ್ಧ ಇಂಚು ಬರುತ್ತವೆ. ಪ್ಲೈವುಡ್ಡು ಮುಕ್ಕಾಲು ಇಂಚಿಗಿಂತ ಕೂದಲೆಳೆ ತೆಳ್ಳಗಿರುತ್ತದೆ, ಆದ್ದರಿಂದ ನಿಮ್ಮ ಶೀಟನ್ನು ಅಳೆದೇ ಲೆಕ್ಕ ಹಾಕಿ.

ಒಂದೊಂದು ಪೆಟ್ಟಿಗೆಯ ಒಳಗಿನ ಮೂಲೆಗಳಿಗೆ ಫೆವಿಕಾಲೂ ಬೇಕು, ಸ್ಕ್ರೂನೂ ಬೇಕು, ಧಾರಾಳವಾಗಿ. ಅವು ಎಂದೂ ಬಿಚ್ಚುವುದಿಲ್ಲ. ಪೆಟ್ಟಿಗೆಗೂ ಪೆಟ್ಟಿಗೆಗೂ ನಡುವೆ ಒಂದು ಹನಿ ಅಂಟೂ ಬೇಡ, ಒಂದು ಮರದ ಸ್ಕ್ರೂ ಕೂಡ ಬೇಡ.

ಬೋಲ್ಟ್ ಕೂಡುವ ಜಾಗ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಇದಕ್ಕೆ ಒಂದು ಪೂರ್ತಿ ಭಾನುವಾರ ಕೊಡಿ.

ಮರದ ಸ್ಕ್ರೂ ಮರವನ್ನೇ ಕೊರೆದು ತನ್ನ ಹಿಡಿತ ಮಾಡಿಕೊಳ್ಳುತ್ತದೆ. ಒಂದು ಸಲ ಬಿಚ್ಚಿ ಹಾಕಿದರೆ ಹಿಡಿತ ಸಡಿಲ. ಮೂರನೇ ಸಲಕ್ಕೆ ಸುಮ್ನೆ ತಿರುಗುತ್ತದೆ. ರೆಡಿಮೇಡ್ ಕಪಾಟುಗಳಲ್ಲಿ ಹಲಗೆ ಜೋಡಿಸಲು ಬರುವ ಮಿನಿಫಿಕ್ಸ್ ಎಂಬ ತಿರುಪು ಕೂಡ ಪದೇ ಪದೇ ಬಿಚ್ಚುವುದಕ್ಕೆ ಹೇಳಿದ್ದಲ್ಲ. ಬಿಚ್ಚುವ ಜಾಗದಲ್ಲಿ ಕಬ್ಬಿಣ ಕಬ್ಬಿಣವನ್ನೇ ಹಿಡಿಯಬೇಕು. ಅದಕ್ಕೆ ಟಿ-ನಟ್ ಬಳಸಿ. ಚಪ್ಪಟೆ ಬಿಲ್ಲೆ, ಅದರಲ್ಲಿ ನಾಲ್ಕು ಹಲ್ಲು, ನಡುವೆ ಮರೆ (ಬೋಲ್ಟು ತಿರುಗಿ ಕೂರುವ ಸುತ್ತುಗೆರೆ, ಥ್ರೆಡ್) ಇರುವ ಗಿಡ್ಡ ಕೊಳವೆ, ಇಷ್ಟೇ ಅದು. ಹೆಸರು ಹೇಳಿದರೆ ಸಿಗದಿದ್ದರೂ ಚಿತ್ರ ತೋರಿಸಿದರೆ ಹಾರ್ಡ್‌ವೇರ್ ಅಂಗಡಿಯವರು ಕೊಡುತ್ತಾರೆ.

ಮಾನಿಟರ್ ಪೆಟ್ಟಿಗೆಗೆ ನಾಲ್ಕು, ಕಂಟ್ರೋಲ್ ಪೆಟ್ಟಿಗೆಗೆ ನಾಲ್ಕು, ಒಟ್ಟು ಎಂಟು ಎಂ8 (8 ಮಿ.ಮೀ. ದಪ್ಪದ) ಬೋಲ್ಟ್. ಎರಡು ಕಡೆಯೂ ಹಲಗೆ ಮೇಲೆ ಹಲಗೆ ಸೇರಿ 36 ಮಿ.ಮೀ. ಆಗುತ್ತದೆ. ವಾಷರಿಗೆ ಮೂರ್ನಾಲ್ಕು ಮಿ.ಮೀ. ಸೇರಿಸಿದರೆ 45 ಮಿ.ಮೀ. ಉದ್ದದ ಬೋಲ್ಟು ಸರಿಹೋಗುತ್ತದೆ. ಎಂಟೂ ಒಂದೇ ಅಳತೆ ಇರಲಿ. ಆಗ 13 ನಂಬರಿನ ಒಂದೇ ಸ್ಪ್ಯಾನರ್ ಸಾಕು, ಯಾವ ಬೋಲ್ಟು ಎಲ್ಲಿಗೆ ಅಂತ ಹುಡುಕುವ ತಾಪತ್ರಯವೂ ಇಲ್ಲ.

ತೂತು ಕೊರೆಯುವ ಕ್ರಮ ತಪ್ಪಬಾರದು. ಎರಡು ಪೆಟ್ಟಿಗೆಯನ್ನೂ ಬೇರೆ ಬೇರೆ ಅಳೆದು ಕೊರೆದರೆ ತೂತು ಎಂದೂ ಎದುರಾಗುವುದಿಲ್ಲ. ಮೊದಲು ಮಾನಿಟರ್ ಪೆಟ್ಟಿಗೆಯನ್ನು ಕೆಳಗಿನದರ ಮೇಲೆ ಅದರ ಜಾಗದಲ್ಲೇ ಕೂರಿಸಿ. ಪಕ್ಕಗಳು ಒಂದೇ ಸಾಲಿಗೆ ಬಂದಿವೆಯೇ ಎಂದು ಬೆರಳು ಸವರಿ ನೋಡಿ. ಕ್ಲಾಂಪ್ ಹಾಕಿ ಬಿಗಿಯಿರಿ. ನಾಲ್ಕೂ ಮೂಲೆಗಳಲ್ಲಿ, ಅಂಚಿನಿಂದ ಎರಡಿಂಚು ಒಳಗೆ, 3 ಮಿ.ಮೀ. ಬಿಟ್ಟಿನಿಂದ ಎರಡೂ ಹಲಗೆ ದಾಟುವ ಹಾಗೆ ಒಂದೇ ಏಟಿಗೆ ಕೊರೆಯಿರಿ. ಆಮೇಲೆ ಬೇರೆ ಮಾಡಿ, ಕೆಳಗಿನ ಹಲಗೆಯ ತೂತನ್ನು 9 ಮಿ.ಮೀ.ಗೆ ಹಿಗ್ಗಿಸಿ. ಮೇಲಿನದನ್ನು ಟಿ-ನಟ್ಟಿನ ಕೊಳವೆ ಹಿಡಿಸುವಷ್ಟು, ಸಾಮಾನ್ಯವಾಗಿ 10 ಮಿ.ಮೀ., ಮಾಡಿ. ಕಂಟ್ರೋಲ್ ಪೆಟ್ಟಿಗೆಗೂ ಇದೇ ಕ್ರಮ, ಆದರೆ ಅದರ ನಾಲ್ಕೂ ತೂತು ಕೆಳಗಿನ ಪೆಟ್ಟಿಗೆಯ ಮೇಲೆ ಕೂತ 8 ಇಂಚಿನ ಭಾಗದಲ್ಲೇ ಬರಲಿ.

ಟಿ-ನಟ್ ಯಾವ ಕಡೆಯಿಂದ ಕೂರಬೇಕು ಅನ್ನುವುದು ನೆನಪಿರಲಿ. ಬೋಲ್ಟಿನ ತಲೆ ಕೆಳಗಿನ ಪೆಟ್ಟಿಗೆಯ ಒಳಗೆ, ಟಿ-ನಟ್ಟಿನ ಬಿಲ್ಲೆ ಮೇಲಿನ ಪೆಟ್ಟಿಗೆಯ ಒಳಗೆ. ಹಾಗಿದ್ದಾಗ ಬಿಗಿದಷ್ಟೂ ಹಲ್ಲು ಮರದೊಳಗೆ ಇಳಿಯುತ್ತದೆ. ಉಲ್ಟಾ ಹಾಕಿದರೆ ಬಿಗಿಯುವಾಗ ನಟ್ಟೇ ಕಿತ್ತು ಬರುತ್ತದೆ. ಸುತ್ತಿಗೆಯಿಂದ ಬಡಿದು ಕೂರಿಸಬೇಡಿ, ಪ್ಲೈವುಡ್ಡಿನ ಪದರ ಸಿಬಿರೇಳುತ್ತದೆ. ಬಿಲ್ಲೆಯ ಅಡಿಗೆ ಚೂರು ಎಪಾಕ್ಸಿ ಸವರಿ (ಮರೆಗೆ ತಾಗಬಾರದು), ಎದುರು ಕಡೆಯಿಂದ ಅಗಲ ವಾಷರ್ ಹಾಕಿದ ಬೋಲ್ಟು ತೂರಿಸಿ ನಿಧಾನಕ್ಕೆ ಬಿಗಿಯಿರಿ. ಹಲ್ಲು ಒಂದೇ ಸಮನಾಗಿ ಒಳಗೆ ಇಳಿಯುವಾಗ ಮರ ಕಿರ್ ಅನ್ನುತ್ತದೆ. ಬಿಲ್ಲೆ ಹಲಗೆಗೆ ಸಮ ಆದಾಗ ನಿಲ್ಲಿಸಿ, ಒಂದು ರಾತ್ರಿ ಬಿಡಿ.

ಬೋಲ್ಟಿನ ಜೊತೆ ಎರಡು ಮರದ ಗೂಟವೂ ಬೇಕು. 10 ಮಿ.ಮೀ. ದಪ್ಪದವು, ಕೆಳಗಿನ ಪೆಟ್ಟಿಗೆಯ ಮೇಲೆ ಅರ್ಧ ಇಂಚು ಎದ್ದು ನಿಂತಿರಲಿ. ಮೇಲಿನ ಪೆಟ್ಟಿಗೆ ಎತ್ತಿ ಇಡುವವರಿಗೆ ಕೆಳಗಿನ ತೂತು ಕಾಣುವುದಿಲ್ಲ. ಗೂಟ ತನ್ನ ತೂತಿಗೆ ಬಿದ್ದಾಗ ಪೆಟ್ಟಿಗೆ ಟಕ್ ಎಂದು ಕೂರುತ್ತದೆ, ನಾಲ್ಕೂ ಬೋಲ್ಟು ಕೈಯಲ್ಲೇ ಒಳಗೆ ಹೋಗುತ್ತವೆ. ಅಕ್ಕಪಕ್ಕದ ಒತ್ತಡವನ್ನೂ ಬೋಲ್ಟಿಗಿಂತ ಗೂಟವೇ ಜಾಸ್ತಿ ತಡೆಯುತ್ತದೆ.

ಕೆಳಗಿನ ಪೆಟ್ಟಿಗೆಯ ಹಿಂಬದಿ ಪೂರ್ತಿ ಬಾಗಿಲಾಗಿರಲಿ. ಕಂಟ್ರೋಲ್ ಪೆಟ್ಟಿಗೆಯ ಮುಂದಿನ ಬೋಲ್ಟುಗಳಿಗೆ ಅಲ್ಲಿಂದ ಕೈ ಮುಟ್ಟುತ್ತದೆಯೇ, ಸ್ಪ್ಯಾನರ್ ತಿರುಗಿಸಲು ಜಾಗ ಇದೆಯೇ ಎಂದು ತೂತು ಕೊರೆಯುವ ಮೊದಲೇ ಮಂಡಿಯೂರಿ ನೋಡಿ.

ಕಂಟ್ರೋಲ್ ಪೆಟ್ಟಿಗೆ

ಮೇಲಿನ ಮುಚ್ಚಳಕ್ಕೆ ಹಿಂದುಗಡೆ ಉದ್ದ ಪಿಯಾನೊ ಕೀಲು ಹಾಕಿ. ಬಟನ್ ಕೆಟ್ಟಾಗ ಸುಮ್ನೆ ಎತ್ತಿ ನೋಡಬಹುದು. ಆರ್ಕೇಡ್ ಬಟನ್ನಿನಲ್ಲಿ ಎರಡು ಜಾತಿ. ನಟ್ ಬಿಗಿಯುವ ಬಟನ್ನು ದಪ್ಪ ಹಲಗೆಗೆ ಸರಿ, ಅದಕ್ಕೆ ಸಾಧಾರಣವಾಗಿ 28 ಮಿ.ಮೀ. ತೂತು ಬೇಕು. ಒತ್ತಿದರೆ ಕಚ್ಚಿಕೊಳ್ಳುವ ಜಪಾನಿ ಮಾದರಿಗೆ 30 ಮಿ.ಮೀ. ತೂತು, ಆದರೆ ಅದು ತೆಳ್ಳನೆಯ ತಗಡಿಗೋ ಅಕ್ರಿಲಿಕ್ಕಿಗೋ ಮಾತ್ರ ಕಚ್ಚುತ್ತದೆ. ಬಟನ್ನು ಕೈಗೆ ಬಂದ ಮೇಲೆ ಅಳೆದೇ ತೂತು ಕೊರೆಯಿರಿ. ಕಾಗದದ ಮೇಲೆ ಜೋಡಣೆ ಬರೆದು, ಅದನ್ನು ಹಲಗೆಗೆ ಅಂಟಿಸಿ, ಕೈ ಇಟ್ಟು ಹತ್ತು ನಿಮಿಷ ಆಡಿದ ಹಾಗೆ ಮಾಡಿ ನೋಡಿ. ಮಣಿಕಟ್ಟು ನೋಯದಿದ್ದರೆ ಜೋಡಣೆ ಸರಿ. ಹೋಲ್ ಸಾ ಬಿಟ್ಟಿನಿಂದ ಅರ್ಧ ಮೇಲಿನಿಂದ, ಉಳಿದರ್ಧ ಕೆಳಗಿನಿಂದ ಕೊರೆದರೆ ಅಂಚು ಸಿಬಿರೇಳುವುದಿಲ್ಲ.

ಜಾಯ್‌ಸ್ಟಿಕ್ ಅನ್ನು 18 ಮಿ.ಮೀ. ಹಲಗೆಯ ಅಡಿಗೆ ಹಾಗೇ ಬಿಗಿದರೆ ಮೇಲೆ ಕಡ್ಡಿ ಗಿಡ್ಡವಾಗಿ ಉಳಿಯುತ್ತದೆ, ಹಿಡಿಯಲು ಆಗುವುದಿಲ್ಲ. ಅಡಿಯಿಂದ ಉಳಿ ಅಥವಾ ರೌಟರಿನಲ್ಲಿ ಹಳ್ಳ ಮಾಡಿ ಕೂರಿಸಬೇಕು. ಇಲ್ಲವೇ ಮುಚ್ಚಳವನ್ನೇ 2 ಮಿ.ಮೀ. ಉಕ್ಕಿನ ತಗಡಿನಲ್ಲಿ ಮಾಡಿಸಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಎಸ್ಟೇಟಿನ ಕಡೆ ತಗಡಿನ ಕೆಲಸದ ವರ್ಕ್‌ಶಾಪುಗಳಿವೆ. ಅಳತೆ ಹಾಕಿದ ಚಿತ್ರ ಒಯ್ದರೆ ತೂತು ಸಮೇತ ಮಾಡಿಕೊಡುತ್ತಾರೆ. ನನಗೆ ತಗಡೇ ಇಷ್ಟ. ಎಷ್ಟು ಗುದ್ದಿದರೂ ತಾಳುತ್ತದೆ.

1980ರ ಪ್ಯಾಕ್‌ಮ್ಯಾನ್ ಆಡುವ ಆಸೆ ಇದ್ದರೆ ಒಂದು ಮಾತು. ಆ ಆಟ ನಾಲ್ಕು ದಿಕ್ಕಿನ ಜಾಯ್‌ಸ್ಟಿಕ್ಕಿಗೆ ಮಾಡಿದ್ದು. ಎಂಟು ದಿಕ್ಕಿನದರಲ್ಲಿ ಆಡಿದರೆ ಮೂಲೆ ತಿರುಗುವಾಗ ತಪ್ಪುತ್ತದೆ. ಅಡಿಯಲ್ಲಿರುವ ತಡೆ ಬಿಲ್ಲೆಯನ್ನು ತಿರುಗಿಸಿ ನಾಲ್ಕಕ್ಕೂ ಎಂಟಕ್ಕೂ ಬದಲಿಸಬಹುದಾದ ಜಾಯ್‌ಸ್ಟಿಕ್ ಕೊಳ್ಳಿ. 1991ರ ಸ್ಟ್ರೀಟ್ ಫೈಟರ್ 2ಗೆ ಒಬ್ಬೊಬ್ಬರಿಗೆ ಆರು ಬಟನ್ನು ಬೇಕು, ಮೂರು ಗುದ್ದಿಗೆ, ಮೂರು ಒದೆತಕ್ಕೆ.

ಮಾನಿಟರ್ ಮತ್ತು ವೈರು

ಹಳೇ ಪಿಕ್ಚರ್ ಟ್ಯೂಬಿನ ಮಾನಿಟರ್ ಸಿಕ್ಕರೂ ಬೇಡ. ತೂಕದ ಮಾತು ಒಂದು ಕಡೆ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಬಿಚ್ಚಿ ಜೋಡಿಸುವ ಮನೆಯಲ್ಲಿ, ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಆಫೀಸುಗಳು ತೆಗೆದುಹಾಕುವ 19 ಇಂಚಿನ ಚೌಕ ಎಲ್‌ಸಿಡಿ ಮಾನಿಟರ್, 1280 ಗುಣಿಸು 1024 ಅಂತ ಇರುತ್ತದಲ್ಲ, ಅದು ಈ ಆಟಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಕೊಳ್ಳುವಾಗ ಎರಡು ಪರೀಕ್ಷೆ ಮಾಡಿ. ಹಿಂದೆ 100 ಮಿ.ಮೀ. ಚೌಕದಲ್ಲಿ ನಾಲ್ಕು ಸ್ಕ್ರೂ ತೂತು ಇವೆಯೇ ನೋಡಿ. ಆಮೇಲೆ ಮಾನಿಟರ್ ಆನ್ ಇರುವಾಗಲೇ ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕಿ. ತಾನಾಗೇ ಹೊತ್ತಿಕೊಂಡರೆ ತಗೊಳ್ಳಿ. ಬಟನ್ ಒತ್ತಿದರೇ ಹೊತ್ತುವುದಾದರೆ, ಪೆಟ್ಟಿಗೆಯೊಳಗೆ ಕೂತ ಮೇಲೆ ದಿನಾ ಹಿಂದಿನಿಂದ ಕೈ ಹಾಕಬೇಕಾಗುತ್ತದೆ.

12 ಮಿ.ಮೀ. ಅಡ್ಡ ಹಲಗೆಗೆ ಮಾನಿಟರನ್ನು 20 ಮಿ.ಮೀ. ಉದ್ದದ ಎಂ4 ಸ್ಕ್ರೂನಿಂದ ಬಿಗಿಯಿರಿ. ಇನ್ನೂ ಉದ್ದದ್ದು ಹಾಕಿದರೆ ಒಳಗಿನ ಬೋರ್ಡಿಗೆ ಚುಚ್ಚೀತು. ಹಲಗೆಯನ್ನು 15-20 ಡಿಗ್ರಿ ಹಿಂದಕ್ಕೆ ವಾಲಿಸಿ ಕೂರಿಸಿ, ನಿಂತವರ ಕಣ್ಣಿಗೆ ಹಿತ.

ಮರದ ಕೀಲು ಎಲ್ಲಿದೆಯೋ ವೈರಿಗೂ ಅಲ್ಲೇ ಕೀಲು ಇರಬೇಕು. ನಾನು ಕೀಲು ದಾಟುವ ವೈರುಗಳನ್ನು ಎಣಿಸುತ್ತಾ ಕಡಿಮೆ ಮಾಡುತ್ತಾ ಹೋದೆ. ರಾಸ್ಪ್‌ಬೆರಿ ಪೈ 4 (ಆಟ ಓಡಿಸುವ ಪುಟ್ಟ ಕಂಪ್ಯೂಟರ್), ಅದರ 5 ವೋಲ್ಟ್ 3 ಆಂಪಿಯರ್ ಪವರ್, ಸ್ಪೀಕರ್, ಮೇಲಿನ ಹೆಸರಿನ ಫಲಕದ ಎಲ್‌ಇಡಿ, ಎಕ್ಸ್‌ಟೆನ್ಶನ್ ಬೋರ್ಡ್ ಎಲ್ಲವನ್ನೂ ಮಾನಿಟರ್ ಪೆಟ್ಟಿಗೆಯಲ್ಲೇ ಇಟ್ಟೆ. ಎಚ್‌ಡಿಎಂಐ ವೈರು ಆ ಪೆಟ್ಟಿಗೆ ಬಿಟ್ಟು ಹೊರಗೇ ಬರುವುದಿಲ್ಲ. ಬಟನ್ನುಗಳ ಇಪ್ಪತ್ತು ಚಿಲ್ಲರೆ ವೈರುಗಳು ಕಂಟ್ರೋಲ್ ಪೆಟ್ಟಿಗೆಯೊಳಗಿನ ಯುಎಸ್‌ಬಿ ಎನ್‌ಕೋಡರ್ ಬೋರ್ಡುಗಳಿಗೆ ಸೇರುತ್ತವೆ; ಯಾವ ಬಟನ್ ಒತ್ತಿದಿರಿ ಅಂತ ಪೈಗೆ ತಿಳಿಸುವುದು ಇವೇ. ಇಬ್ಬರಿಗೆ ಎರಡು ಬೋರ್ಡು, ಅಂದರೆ ಎರಡು ಯುಎಸ್‌ಬಿ ವೈರು ಒಂದಿಂಚಿನ ತೂತಿನ ಮೂಲಕ ಹಿಂದಿನ ಪೆಟ್ಟಿಗೆಗೆ ಹೋಗುತ್ತವೆ. ಕೀಲು ದಾಟುವುದು ಆ ಎರಡೇ. ಒಂದು ಅಡಿ ವೈರು ಜಾಸ್ತಿ ಬಿಡಿ, ಪ್ಲಗ್ಗಿಗೆ 1, 2 ಅಂತ ಚೀಟಿ ಅಂಟಿಸಿ. ಅದಲುಬದಲಾದರೆ ಎಡಗಡೆಯವರ ಬಟನ್ನು ಬಲಗಡೆಯವರ ಆಟಗಾರನನ್ನು ಕುಣಿಸುತ್ತದೆ.

ಗೋಡೆಗೆ ಹೋಗುವ ವೈರು ಅರ್ಥಿಂಗ್ ಇರುವ ಮೂರು ಪಿನ್ನಿನದೇ ಇರಲಿ. 230 ವೋಲ್ಟಿನ ವೈರುಗಳನ್ನು ಒಂದು ಪಕ್ಕಕ್ಕೂ, 5 ವೋಲ್ಟಿನವುಗಳನ್ನು ಇನ್ನೊಂದು ಪಕ್ಕಕ್ಕೂ ಕ್ಲಿಪ್ ಹಾಕಿ ಕಟ್ಟಿ. ಬಿಸಿ ಹೊರಹೋಗಲು ಹಿಂದಿನ ಹಲಗೆಯ ಕೆಳಗೂ ಮೇಲೂ ತೂತಿನ ಸಾಲು ಬೇಕು. ಆಡುವಾಗ ಕರೆಂಟ್ ಹೋದರೆ ಪೈಯ ಮೆಮೊರಿ ಕಾರ್ಡ್ ಕೆಡುವ ಸಾಧ್ಯತೆ ಇದೆ. ಎಲ್ಲ ಸೆಟ್ಟಿಂಗ್ ಮುಗಿದ ಮೇಲೆ ಕಾರ್ಡಿನ ಒಂದು ನಕಲು ತೆಗೆದಿಟ್ಟುಕೊಳ್ಳಿ.

ಸಾಫ್ಟ್‌ವೇರಿಗೆ ರೆಟ್ರೊಪೈ ಅಥವಾ ಬಾಟೊಸೆರಾ, ಎರಡೂ ಉಚಿತ. ಇವುಗಳ ಒಳಗೆ ಇದ್ದು ಹಳೇ ಆರ್ಕೇಡ್ ಆಟಗಳನ್ನು ಓಡಿಸುವ ಮೇಮ್ ಎಂಬ ಪ್ರೋಗ್ರಾಮನ್ನು ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಶುರು ಮಾಡಿದರು. ಪ್ರೋಗ್ರಾಮು ಉಚಿತವಾದರೂ ಆಟಗಳಿಗೆ ಹಕ್ಕುದಾರರಿದ್ದಾರೆ. ರಾಬಿ ರೋಟೊ, ಗ್ರಿಡ್‌ಲೀ ಇಂಥ ಕೆಲವನ್ನು ಹಕ್ಕುದಾರರೇ ಬಿಟ್ಟುಕೊಟ್ಟಿದ್ದಾರೆ, ಮೇಮ್ ತಂಡದ ಸೈಟಿನಲ್ಲೇ ಸಿಗುತ್ತವೆ. ಅವುಗಳಿಂದ ಬಟನ್ನು ಪರೀಕ್ಷೆ ಮಾಡಿ. ಉಳಿದದ್ದನ್ನು ಕೊಂಡೇ ಆಡಿ.

ಮೈಕಾ ಮತ್ತು ನೀರು

ಬಣ್ಣಕ್ಕೆ ಮೊದಲು ಒಮ್ಮೆ ಪೂರ್ತಿ ಜೋಡಿಸಿ, ಪೂರ್ತಿ ಬಿಚ್ಚಿ. ಮೈಕಾ ಅಂಟಿಸುವುದಾದರೆ ಎರಡು ಪೆಟ್ಟಿಗೆ ಕೂಡುವ ಮುಖಗಳಿಗೆ ಬೇಡ, ಅಲ್ಲಿ ಬರೀ ಪ್ರೈಮರ್ ಸಾಕು. ಪ್ಲೈವುಡ್ಡು ನೀರು ಕುಡಿಯುವುದು ಅಂಚಿನಿಂದ. ಕೆಳಗಿನ ಅಂಚಿಗೆ ಎರಡು ಕೈ ಪ್ರೈಮರ್ ಹಚ್ಚಿ, ನಾಲ್ಕು ಮೂಲೆಗೆ ಒಂದಿಂಚು ಎತ್ತರದ ರಬ್ಬರ್ ಕಾಲು ಹಾಕಿ. ನಮ್ಮಲ್ಲಿ ದಿನಾ ನೆಲ ಒರೆಸುತ್ತೇವೆ. ನನ್ನ ಮೊದಲ ಕ್ಯಾಬಿನೆಟ್ಟಿನ ಅಡಿ ಕೆಟ್ಟದ್ದು ಮಳೆಯಿಂದಲ್ಲ, ಒರೆಸುವ ಬಟ್ಟೆಯ ನೀರಿನಿಂದ.

ಮಕ್ಕಳು ಜಾಯ್‌ಸ್ಟಿಕ್ ಹಿಡಿದು ಜೋತಾಡುತ್ತಾರೆ. ಕೆಳಗಿನ ಪೆಟ್ಟಿಗೆ ಖಾಲಿ ಇರುವುದರಿಂದ ಅದರ ಹಿಂಭಾಗದಲ್ಲಿ ಹತ್ತು ಹದಿನೈದು ಕೆಜಿ ಮರಳಿನ ಚೀಲ ಇಡಿ. ಮನೆಯ ಮಾಲೀಕರು ಒಪ್ಪಿದರೆ ಗೋಡೆಗೂ ಒಂದು ಎಲ್ ಕ್ಲಾಂಪ್ ಹಾಕಿ.

ಒಯ್ಯುವ ದಿನ

ಪ್ಲಗ್ ಕಿತ್ತು, ಹಿಂದಿನ ಬಾಗಿಲು ತೆಗೆದು, ಒಳಗಿನ ವೈರುಗಳ ಫೋಟೊ ಹೊಡೆದುಕೊಳ್ಳಿ. ಮರಳಿನ ಚೀಲ ಹೊರಗೆ ತೆಗೆಯಿರಿ. ಎರಡು ಯುಎಸ್‌ಬಿ ಕಿತ್ತು ಕಂಟ್ರೋಲ್ ಪೆಟ್ಟಿಗೆಯೊಳಗೆ ಸುತ್ತಿಡಿ. ಮೊದಲು ಕಂಟ್ರೋಲ್ ಪೆಟ್ಟಿಗೆ, ಆಮೇಲೆ ಮಾನಿಟರ್ ಪೆಟ್ಟಿಗೆ. ಅದರ ಬೋಲ್ಟು ಬಿಚ್ಚುವಾಗ ಒಬ್ಬರು ಮೇಲೆ ಹಿಡಿದಿರಲೇಬೇಕು. ಎಂಟು ಬೋಲ್ಟು, ವಾಷರು, ಸ್ಪ್ಯಾನರ್ ಎಲ್ಲ ಒಂದೇ ಬಟ್ಟೆ ಚೀಲಕ್ಕೆ ಹಾಕಿ ಕೆಳಗಿನ ಪೆಟ್ಟಿಗೆಯೊಳಗೆ ಕಟ್ಟಿ. ಜಾಯ್‌ಸ್ಟಿಕ್ಕಿನ ಉಂಡೆ ಬಿಚ್ಚಿ ಅದರ ಜೊತೆಗೇ ಇಡಿ.

ಮಾನಿಟರ್ ಮುಖಕ್ಕೆ ರಟ್ಟು ಇಟ್ಟು, ಮೇಲೆ ಕೌದಿ ಸುತ್ತಿ ಹಗ್ಗ ಬಿಗಿಯಿರಿ. ಅಜ್ಜಿ ಹೊಲಿದ ದಪ್ಪ ಕೌದಿಗಿಂತ ಒಳ್ಳೆಯ ಪ್ಯಾಕಿಂಗ್ ನನಗೆ ಇನ್ನೂ ಸಿಕ್ಕಿಲ್ಲ. ಗಾಡಿಯಲ್ಲಿ ಆ ಪೆಟ್ಟಿಗೆ ನಿಂತೇ ಇರಲಿ, ಪರದೆ ಕೆಳಮುಖವಾಗಿ ಮಲಗಿಸಬೇಡಿ. ಮೇಲೆ ತಾಡಪಾಲು ಮರೆಯಬೇಡಿ.

ಹೊಸ ಮನೆಯಲ್ಲಿ ಮೊದಲು ಕೆಳಗಿನ ಪೆಟ್ಟಿಗೆ ಇಟ್ಟು, ನೆಲ ಸಮ ಇದೆಯೇ ನೋಡಿ. ಅಲುಗಿದರೆ ಕಾಲಿನ ಅಡಿ ರಬ್ಬರ್ ಚೂರು ಕೊಡಿ. ಮೇಲಿನ ಎರಡನ್ನೂ ಕೂರಿಸಿದ ಮೇಲೆ ಎಂಟೂ ಬೋಲ್ಟನ್ನು ಮೊದಲು ಕೈಯಲ್ಲಿ ತಿರುಗಿಸಿ, ಎಲ್ಲವೂ ಒಳಗೆ ಹೋದ ನಂತರವೇ ಸ್ಪ್ಯಾನರ್ ಹಿಡಿಯಿರಿ. ಒಂದನ್ನು ಪೂರ್ತಿ ಬಿಗಿದರೆ ಉಳಿದವು ಅಡ್ಡ ಕಚ್ಚಿ ಮರೆ ಹಾಳಾಗುತ್ತದೆ. ಒಂದು ವಾರ ಆಡಿದ ಮೇಲೆ ಮತ್ತೊಮ್ಮೆ ಹಿಂದಿನ ಬಾಗಿಲು ತೆಗೆದು, ಒಂದೊಂದಕ್ಕೂ ಕಾಲು ಸುತ್ತು ಬಿಗಿ ಕೊಡಿ.